ಕಣ್ಣು ರಸ್ತೆಯಲ್ಲಿ, ಮನಸ್ಸು ಮೊಬೈಲಿನಲ್ಲಿ

ರಕ್ತದೊತ್ತಡಕ್ಕೂ ಮಧುಮೇಹಕ್ಕೂ ತಪ್ಪದೆ ಔಷಧ ಸೇವಿಸಿ, ಪಥ್ಯವನ್ನು ಕಟ್ಟುನಿಟ್ಟಾಗಿ ಪಾಲಿಸುವ ವ್ಯಕ್ತಿಯೇ ಬೈಕ್ ಏರಿದೊಡನೆ ಹೆಲ್ಮೆಟ್ಟಿನೊಳಗೆ ಮೊಬೈಲ್ ಸಿಕ್ಕಿಸಿಕೊಂಡು ಮಾತನಾಡುತ್ತ ಸಾಗುವುದನ್ನು ನಾವು ದಿನವೂ ಕಾಣುತ್ತೇವೆ. ಹಲವು ವರ್ಷ ಜತನದಿಂದ ಕಾಪಾಡಿಕೊಂಡ ದೇಹವನ್ನು ಕ್ಷಣಮಾತ್ರದಲ್ಲಿ ಕಳೆದುಕೊಳ್ಳುವ ದಾರಿ ಇದು. ಆದ್ದರಿಂದ ಚಾಲನೆಯ ಎಚ್ಚರವೂ ಆರೋಗ್ಯ ರಕ್ಷಣೆಯ ಒಂದು ಅಂಗವೇ ಆಗಿದೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಲಿಸುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಬಂದ ಸಂದೇಶ ಯಾರದೆಂದು ನೋಡಲು ಎರಡು ಸೆಕೆಂಡ್ ಕಣ್ಣು ಹೊರಳಿಸಿದರೆ 33 ಮೀಟರ್ ದಾರಿಯನ್ನು ಕಣ್ಣು ಮುಚ್ಚಿಕೊಂಡು ಕ್ರಮಿಸಿದಂತೆಯೇ ಸರಿ. ಆ ಅಂತರದಲ್ಲಿ ಒಂದು ಮಗು ರಸ್ತೆಗೆ ಓಡಿಬರಬಹುದು, ಮುಂದಿನ ಟ್ರ್ಯಾಕ್ಟರ್ ಥಟ್ಟನೆ ನಿಲ್ಲಬಹುದು.

"ನಾನು ಕೈಯಲ್ಲಿ ಹಿಡಿಯುವುದಿಲ್ಲ, ಬ್ಲೂಟೂತ್ ಇದೆ" ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಇದು ತಪ್ಪು ಭರವಸೆ. ಕೆನಡಾದ ಟೊರೊಂಟೊದಲ್ಲಿ ಅಪಘಾತಕ್ಕೀಡಾದ 699 ಚಾಲಕರ ಕರೆಗಳ ದಾಖಲೆಗಳನ್ನು ಇಬ್ಬರು ಸಂಶೋಧಕರು ಪರಿಶೀಲಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಫೋನಿನಲ್ಲಿ ಮಾತನಾಡುವಾಗ ಡಿಕ್ಕಿಯಾಗುವ ಸಂಭವ ಸುಮಾರು ನಾಲ್ಕು ಪಟ್ಟಾಗಿತ್ತು. ಕೈಯಲ್ಲಿ ಹಿಡಿಯದೆ ಮಾತನಾಡಿದವರಿಗೂ ಹೆಚ್ಚಿನ ರಕ್ಷಣೆಯೇನೂ ದೊರೆತಿರಲಿಲ್ಲ.

ಇದಕ್ಕೆ ಕಾರಣ ನಮ್ಮ ಮೆದುಳಿನ ಸ್ವಭಾವದಲ್ಲಿದೆ. ಗಮನ ಬೇಡುವ ಎರಡು ಕೆಲಸಗಳನ್ನು ಅದು ಏಕಕಾಲಕ್ಕೆ ಪೂರ್ಣವಾಗಿ ನಿರ್ವಹಿಸಲಾರದು. ಒಂದರಿಂದ ಇನ್ನೊಂದಕ್ಕೆ ಹೊರಳುತ್ತಿರುತ್ತದೆ. ಮಾತಿನಲ್ಲಿ ಮುಳುಗಿದಾಗ ಕಣ್ಣೆದುರಿನ ವಸ್ತುವಿನ ಬಿಂಬ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಮುಟ್ಟುವುದಿಲ್ಲ. ಪಕ್ಕದಲ್ಲಿ ಕುಳಿತು ಮಾತನಾಡುವವರು ತಿರುವು ಬಂದಾಗ, ಎದುರಿಗೆ ಲಾರಿ ಬಂದಾಗ ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆಗಿರುವವರಿಗೆ ರಸ್ತೆ ಕಾಣುವುದಿಲ್ಲ. ಅವರ ಮಾತು ನಿಲ್ಲುವುದೂ ಇಲ್ಲ. ಸಂಭಾಷಣೆ ಮುಗಿದೊಡನೆ ಗಮನ ಮರಳುತ್ತದೆಂದೂ ಇಲ್ಲ. ಧ್ವನಿಯ ಮೂಲಕ ಆದೇಶ ನೀಡುವ ಕೆಲವು ವ್ಯವಸ್ಥೆಗಳನ್ನು ಬಳಸಿದ ನಂತರ 27 ಸೆಕೆಂಡಿನವರೆಗೂ ಚಾಲಕರ ಗಮನ ಚದುರಿರುತ್ತದೆಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಿದ್ದಾರೆ.

ದ್ವಿಚಕ್ರ ವಾಹನದಲ್ಲಿ ಅಪಾಯ ಇನ್ನೂ ಹೆಚ್ಚು. ಭುಜ ಮತ್ತು ಕಿವಿಯ ನಡುವೆ ಫೋನ್ ಒತ್ತಿಹಿಡಿದಾಗ ಕತ್ತು ವಾಲುತ್ತದೆ, ಒಂದು ಬದಿಯ ನೋಟ ತಪ್ಪುತ್ತದೆ. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದರೆ ಗುಂಡಿ ಅಥವಾ ಹಂಪ್ ಎದುರಾದಾಗ ಹತೋಟಿ ಉಳಿಯುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನ ಪ್ರಕಾರ ಚಾಲನೆಯ ವೇಳೆ ಕೈಯಲ್ಲಿ ಫೋನ್ ಹಿಡಿದು ಬಳಸುವುದು ಅಪಾಯಕಾರಿ ಚಾಲನೆಯೇ. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿಗಳ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ದಾರಿ ತಿಳಿಯಲು ಮಾತ್ರ, ಚಾಲಕನ ಏಕಾಗ್ರತೆಗೆ ಭಂಗವಾಗದಂತೆ ಫೋನ್ ಬಳಸಬಹುದೆಂದು ನಿಯಮ ಹೇಳುತ್ತದೆ.

ಪಾಲಿಸಬೇಕಾದ ಕ್ರಮಗಳು ಸರಳವಾಗಿವೆ. ಹೊರಡುವ ಮುನ್ನವೇ ಅಗತ್ಯ ಕರೆಗಳನ್ನು ಮುಗಿಸಿ, ತಲುಪುವ ಸಮಯವನ್ನು ಮನೆಯವರಿಗೆ ತಿಳಿಸಿರಿ. ನಕ್ಷೆ ಬೇಕಿದ್ದರೆ ವಾಹನ ನಿಂತಿರುವಾಗಲೇ ಸ್ಥಳದ ಹೆಸರು ನಮೂದಿಸಿ, ಧ್ವನಿ ಸೂಚನೆಯನ್ನು ಆಲಿಸಿರಿ. ಬೈಕ್ ಸವಾರರು ಫೋನಿನ ಸದ್ದಡಗಿಸಿ ಚೀಲದಲ್ಲಿ ಇಡುವುದು ಒಳಿತು. ಕಾರಿನಲ್ಲಿ ಜೊತೆಗಿರುವವರ ಕೈಗೆ ಫೋನ್ ಕೊಟ್ಟು, ಕರೆ ಬಂದರೆ ಅವರೇ ಉತ್ತರಿಸಲಿ. ಮಾತನಾಡಲೇಬೇಕಾದರೆ ರಸ್ತೆಯಿಂದ ಪೂರ್ಣವಾಗಿ ಕೆಳಗಿಳಿದು, ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿದ ನಂತರವೇ ಮಾತನಾಡಿರಿ.

ಕರೆ ಮಾಡುವವರ ಹೊಣೆಯೂ ಇಲ್ಲಿದೆ. ಪ್ರಯಾಣದಲ್ಲಿರುವವರಿಗೆ "ಎಲ್ಲಿದ್ದೀರಿ, ಇನ್ನೂ ಎಷ್ಟು ಹೊತ್ತು?" ಎಂದು ಮತ್ತೆ ಮತ್ತೆ ಕರೆ ಮಾಡುವುದು ಪ್ರೀತಿಯಿಂದಲೇ. ಆದರೆ ಆ ಪ್ರೀತಿಯ ಕರೆಯೇ ಅವರ ಗಮನ ತಪ್ಪಿಸಬಹುದು. "ಗಾಡಿ ಓಡಿಸುತ್ತಿದ್ದೀರಾ?" ಎಂಬುದೇ ನಮ್ಮ ಮೊದಲ ಪ್ರಶ್ನೆಯಾಗಲಿ. ಹೌದೆಂದರೆ, "ನಿಲ್ಲಿಸಿದ ಮೇಲೆ ಮಾತನಾಡೋಣ" ಎಂದು ಹೇಳಿ ಕರೆ ಮುಗಿಸೋಣ. ಉತ್ತರ ಬಾರದಿದ್ದರೆ ಗಾಬರಿಯಾಗದೆ, ಅವರು ಎಚ್ಚರದಿಂದ ವಾಹನ ನಡೆಸುತ್ತಿದ್ದಾರೆಂದು ಸಮಾಧಾನ ಪಡೋಣ. ಅವರು ಕ್ಷೇಮವಾಗಿ ಮನೆ ಸೇರಿದ ಮೇಲೆ ಮಾತನಾಡಲು ಬೇಕಾದಷ್ಟು ಸಮಯವಿರುತ್ತದೆ.