ಭಾಗವತರ ಹಿಂದೆ ಗುಂಯ್‌ಗುಟ್ಟುವವರಾರು?

ಬ್ರಹ್ಮಾವರದಿಂದ ಕುಂದಾಪುರದ ಮೇಲಾಗಿ ಬೈಂದೂರಿನವರೆಗೆ ಬಡಗುತಿಟ್ಟಿನ ಯಕ್ಷಗಾನ ಮನೆಮಾತು. ವೃದ್ಧ ಭಾಗವತರೊಬ್ಬರ ಕಂಠವನ್ನು ಮನೆಯ ಕೋಣೆಯಲ್ಲೇ ಮುದ್ರಿಸಿಡಬಯಸುವವರಿಗೆ ವೈರಿ ಚೆಂಡೆಯ ಅಬ್ಬರವಲ್ಲ. ಅವರು ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಕೇಳುವ ‘ಗುಂಯ್’ ಎಂಬ ನಾದ. ಆ ಕಂಠ ಮತ್ತೆ ದೊರೆಯದು. ಆದುದರಿಂದ ತಂತಿಗಳ ನಕ್ಷೆಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ಲೇಸು.

ಮೈಕಿನಿಂದ ಹೊರಡುವುದು ವೋಲ್ಟಿನ ಸಾವಿರದ ಕೆಲವೇ ಅಂಶ. ಮನೆಯ ವಿದ್ಯುತ್ತು 230 ವೋಲ್ಟು, ಸೆಕೆಂಡಿಗೆ 50 ಆವರ್ತ. ಇವೆರಡರ ತಂತಿಗಳನ್ನು ಜೊತೆಜೊತೆಯಾಗಿ ಎಳೆದರೆ ಬಲಶಾಲಿಯ ದನಿ ಬಡವನ ಮನೆ ಹೊಗದಿದ್ದೀತೆ? ದೂರವಿರಿಸಬೇಕು, ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಬೇಕು.

ಮೈಕಿಗೆ ಮೂರು ಮೊನೆಯ ಎಕ್ಸ್‌ಎಲ್‌ಆರ್ ಕೇಬಲ್ಲೇ ಸರಿ. ಅದರೊಳಗಿನ ಎರಡು ಎಳೆಗಳಲ್ಲಿ ಹಾಡು ಒಂದಕ್ಕೊಂದು ವಿರುದ್ಧವಾಗಿ ಸಾಗಿದರೆ, ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗಲುತ್ತದೆ. ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ಸ್ವೀಕರಿಸುವುದರಿಂದ ಗದ್ದಲ ತಾನಾಗಿ ಅಳಿಯುತ್ತದೆ. ಎಂಥ ಸೊಗಸಾದ ಉಪಾಯ!

ಆದರೂ ಗುಂಯ್‌ಗುಟ್ಟಿದರೆ, ಯಂತ್ರಗಳು ಬೇರೆಬೇರೆ ಕಡೆ ಭೂಸಂಪರ್ಕ ಪಡೆದಿರಬಹುದು. ಎಲ್ಲವನ್ನೂ ಒಂದೇ ಕಡೆಯ ಪ್ಲಗ್ಗಿಗೆ ಜೋಡಿಸಿ ನೋಡಿ. ಭೂತಂತಿಯನ್ನೇ ಕತ್ತರಿಸಿ ಮೌನ ಸಾಧಿಸುವ ಜಾಣರೂ ಉಂಟು. ಅದು ಪ್ರಾಣದೊಡನೆ ಆಟ. ಯಂತ್ರ ಕೆಟ್ಟರೆ ಮೈಕು ಮುಟ್ಟಿದ ಕೈಗೇ 230 ವೋಲ್ಟು ಬಂದೀತು.

ನಮ್ಮ ಕಡಲಿನ ಉಪ್ಪುಗಾಳಿಗೆ ಜೋಡಣೆಯ ಮೊನೆಗಳು ಬೇಗ ಮಂಕಾಗುತ್ತವೆ. ಮಳೆಗಾಲ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವ ಮುನ್ನ ಒಮ್ಮೆ ಕಳಚಿ ಒರೆಸಿಡಿ.