ಫರಂಗಿಪೇಟೆಯ ಗುಡ್ಡದಿಂದ ಇಳಿದುಬಂದ ತೆನೆಹಬ್ಬ

ಮಂಗಳೂರಿನಿಂದ ಬಂಟ್ವಾಳದ ಕಡೆಗೆ, ನೇತ್ರಾವತಿಯ ದಡವನ್ನು ಬಿಟ್ಟೂ ಬಿಡದಂತೆ ಸಾಗುವ ಹೆದ್ದಾರಿಯಲ್ಲಿ ಫರಂಗಿಪೇಟೆಯೆಂಬ ಊರೊಂದು ಸಿಗುತ್ತದೆ. ಅಲ್ಲಿಯ ಗುಡ್ಡದ ಮೇಲಿರುವ ‘ಮೊಂತೆ ಮರಿಯಾನೊ’ ಎಂಬ ಪುರಾತನ ಮಠವು ಅಸಿಸಿಯ ಸಂತ ಫ್ರಾನ್ಸಿಸನ ಪರಂಪರೆಗೆ ಸೇರಿದ್ದು. ಈಗ ಅದೇ ಪರಂಪರೆಯ ಕಪುಚಿನ್ ಸಂನ್ಯಾಸಿಗಳು ಅಲ್ಲಿ ನೆಲೆಸಿದ್ದಾರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕೊಂಕಣಿ ಕೆಥೊಲಿಕರು ಪ್ರತಿವರ್ಷವೂ ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬವು ಈ ಗುಡ್ಡದಲ್ಲಿಯೇ, 1763ರಲ್ಲಿ, ಗೋವೆಯಿಂದ ಬಂದ ಜೋಕಿಂ ಮಿರಾಂದ ಎಂಬ ಪಾದ್ರಿಗಳಿಂದ ಆರಂಭವಾಯಿತೆಂಬುದು ಆ ಸಮಾಜದಲ್ಲಿ ನೆಲೆನಿಂತ ನಂಬಿಕೆ. ಕ್ರಿಸ್ಮಸ್ಸನ್ನೂ ಕಾರ್ಕಳದ ಅತ್ತೂರು ಜಾತ್ರೆಯನ್ನೂ ಬಲ್ಲ ಘಟ್ಟದ ಮೇಲಿನ ಕನ್ನಡಿಗರಿಗೆ ಈ ಹಬ್ಬದ ಪರಿಚಯ ಅಷ್ಟಾಗಿ ಇದ್ದಂತಿಲ್ಲ. ಜನಸಂದಣಿಯೂ ಸಂತೆಯೂ ಇಲ್ಲದ, ಊರೂರಿನ ಇಗರ್ಜಿಯ ಅಂಗಳದಲ್ಲಿಯೇ ಮುಗಿದು ಮನೆಯ ಅಡಿಗೆಮನೆಗೆ ಸರಿದುಬಿಡುವ ಹಬ್ಬಕ್ಕೆ ದೂರದ ಪ್ರಸಿದ್ಧಿ ದೊರೆಯದಿದ್ದರೆ ಅಚ್ಚರಿಯೇನೂ ಇಲ್ಲ.

ಸೆಪ್ಟೆಂಬರ್ 8 ಎಂಬುದು ಕ್ರೈಸ್ತ ಪಂಚಾಂಗದಲ್ಲಿ ಯೇಸುವಿನ ತಾಯಿಯಾದ ಮರಿಯಳ ಜನ್ಮದಿನ. ಜಗತ್ತಿನ ಎಲ್ಲ ಕೆಥೊಲಿಕರಿಗೂ ಸಮಾನವಾದ ಈ ದಿನಕ್ಕೆ ಭತ್ತದ ತೆನೆಯನ್ನು ಜೋಡಿಸಿದ್ದು ಮಾತ್ರ ಈ ಕರಾವಳಿಯ ಮಣ್ಣು. ಮುಂಗಾರಿನ ಮೊದಲ ಮಳೆಗೆ ನೆಲವನ್ನು ಹದಮಾಡಿ ಬೆಳೆಯುವ ‘ಏಣೆಲು’ ಬೆಳೆ ಹಾಲುಗಟ್ಟಿ, ಕಾಳು ಬಲಿತು, ಕೊಯ್ಲಿಗೆ ಇನ್ನೇನು ಕೆಲವು ದಿನಗಳಿವೆ ಎನ್ನುವ ಹೊತ್ತಿಗೆ ಸರಿಯಾಗಿ ಈ ತಿಥಿ ಒದಗುತ್ತದೆ. ಗೋವೆಯಲ್ಲಿ ರಾಯ್ ಎಂಬ ಊರಿನವರು ಆಗಸ್ಟ್ 5ರಂದು, ತಾಳಗಾಂವಿನವರು ಆಗಸ್ಟ್ 21ರಂದು ತೆನೆಯ ಹಬ್ಬವನ್ನು ಆಚರಿಸುವುದನ್ನು ನೋಡಿದರೆ, ಗದ್ದೆ ಹೇಳಿದ ದಿನಕ್ಕೆ ದೇವಾಲಯದ ಗಂಟೆ ಓಗೊಡುವ ಪದ್ಧತಿ ಕೊಂಕಣಿಗರಲ್ಲಿ ಹಿಂದಿನಿಂದಲೂ ಇದ್ದಿತೆಂದು ಊಹಿಸಬಹುದು. ಮತಾಂತರಕ್ಕೆ ಪೂರ್ವದಲ್ಲಿಯೂ ಕೃಷಿಕರೇ ಆಗಿದ್ದ ಜನ ಹೊಸ ಅಕ್ಕಿಯ ಊಟವನ್ನು ಮರೆಯಲಿಲ್ಲ. ಮರೆಯಿರೆಂದು ಅವರಿಗೆ ಆಜ್ಞಾಪಿಸದ ಪಾದ್ರಿಗಳ ವಿವೇಕವೂ ಮೆಚ್ಚತಕ್ಕದ್ದೇ.

ಹಬ್ಬವು ಒಂದು ದಿನದ್ದಲ್ಲ. ಆಗಸ್ಟ್ 30ರಿಂದ ಆರಂಭವಾಗಿ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ನಡೆಯುತ್ತದೆ. ಈ ಒಂಬತ್ತು ದಿನಗಳ ಒಡೆತನ ಸಂಪೂರ್ಣವಾಗಿ ಮಕ್ಕಳದು. ಬೆಳಗಿನ ಮಳೆ ಹೊಳವಾದೊಡನೆ ಬೇಲಿ, ಗುಡ್ಡ, ತೋಟದ ಅಂಚುಗಳನ್ನೆಲ್ಲ ಸುತ್ತಿ, ದಾಸವಾಳ, ಕರ್ಣಕುಂಡಲ, ರಥಪುಷ್ಪ, ಹೆಸರು ಗೊತ್ತಿಲ್ಲದ ಕಾಡುಹೂ, ಕೊನೆಗೆ ಹೂವೇ ಸಿಗದಿದ್ದರೆ ಬಣ್ಣದ ಎಲೆಗಳನ್ನಾದರೂ ಕಿತ್ತು, ಪುಟ್ಟ ಬುಟ್ಟಿಯನ್ನೋ ಹರಿವಾಣವನ್ನೋ ತುಂಬಿಕೊಂಡು ಮಕ್ಕಳು ಇಗರ್ಜಿಗೆ ಬರುತ್ತಾರೆ. ಪೂಜೆಯಾದ ಬಳಿಕ ಬಾಲಮರಿಯಳ ಚಿಕ್ಕ ಪ್ರತಿಮೆಯ ಮುಂದೆ ಸಾಲುಗಟ್ಟಿ, ಮಿರಾಂದ ಪಾದ್ರಿಗಳೇ ರಚಿಸಿದರೆಂದು ಹೇಳಲಾಗುವ ಕೊಂಕಣಿಯ ಸ್ತುತಿಗೀತವನ್ನು ಹಾಡುತ್ತ, ಹಾಡಿನ ಪ್ರತಿ ತಿರುವಿಗೂ ಒಂದೊಂದು ಮುಷ್ಟಿ ಹೂವನ್ನು ಎರಚುತ್ತಾರೆ. ಎರಚಿದ್ದು ಪ್ರತಿಮೆಯ ಪಾದಕ್ಕೆ ಬೀಳುವುದಕ್ಕಿಂತ ಮುಂದೆ ನಿಂತವರ ತಲೆಯ ಮೇಲೆ ಬೀಳುವುದೇ ಹೆಚ್ಚು. ಅದಕ್ಕಾಗಿ ಯಾರೂ ಯಾರನ್ನೂ ಗದರುವುದಿಲ್ಲ. ಯಾವ ಹೂ ಯಾವ ಬೇಲಿಯಲ್ಲಿ ಅರಳುತ್ತದೆ, ಯಾವುದು ಮಧ್ಯಾಹ್ನಕ್ಕೆ ಬಾಡುತ್ತದೆ, ಯಾವ ಗಿಡದ ಸೊನೆ ಕೈಗೆ ಅಂಟುತ್ತದೆ ಎಂಬ ವಿದ್ಯೆಯನ್ನು ಪುಸ್ತಕವಿಲ್ಲದೆ ಕಲಿಸುತ್ತಿದ್ದ ಒಂಬತ್ತು ದಿನಗಳ ಪಾಠಶಾಲೆ ಇದು. ಪೇಟೆಯ ಬಹುಮಹಡಿ ಕಟ್ಟಡಗಳ ಮಕ್ಕಳು ಈಗ ಮಾರುಕಟ್ಟೆಯ ಸೇವಂತಿಗೆಯನ್ನು ಮೊಳದ ಲೆಕ್ಕದಲ್ಲಿ ಕೊಂಡು ತರುತ್ತಾರೆ. ಭಕ್ತಿಗೆ ಅದರಿಂದ ಕುಂದೇನೂ ಇಲ್ಲವೆಂದು ಒಪ್ಪಬಹುದು. ಪಾಠ ಮಾತ್ರ ತಪ್ಪಿಹೋಯಿತು.

ಇಂಥ ಹಬ್ಬವನ್ನು ನಡೆಸುವ ಇಗರ್ಜಿಯ ವ್ಯವಸ್ಥೆಯ ಕುರಿತು ಎರಡು ಮಾತು ಹೇಳಬೇಕು. ಪ್ರತಿಯೊಂದು ಧರ್ಮಕೇಂದ್ರವೂ ಹಲವು ‘ವಾಳೆ’ಗಳಾಗಿ ವಿಂಗಡಗೊಂಡಿದ್ದು, ಪ್ರತಿ ವಾಳೆಗೂ ಒಬ್ಬ ಗುರಿಕಾರನಿರುತ್ತಾನೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಮದುವೆ, ಯಾರ ಒಲೆ ಈ ವರ್ಷ ಹಬ್ಬಕ್ಕೆ ಹೊತ್ತಲಾರದು ಎಂಬುದು ಇಗರ್ಜಿಯ ಗುರುಗಳಾದ ವಿಗಾರರಿಗಿಂತ ಮೊದಲು ತಿಳಿಯುವುದು ಇವನಿಗೆ. ಹಬ್ಬದ ದಿನ ತೆನೆಯ ಹೊರೆ ಎಲ್ಲಿಂದ ಬರಬೇಕು, ಕಬ್ಬಿನ ಕಟ್ಟು ಎಷ್ಟು ಬೇಕು, ಬಡವರ ಪಾಲನ್ನು ಸದ್ದಿಲ್ಲದೆ ಮುಟ್ಟಿಸುವವರು ಯಾರು ಎಂಬುದೆಲ್ಲ ನಿಶ್ಚಯವಾಗುವುದು ಈ ಗುರಿಕಾರರ ಮಾತುಕತೆಯಲ್ಲಿಯೇ.

8ರ ಮುಂಜಾನೆ ತೆನೆಯನ್ನು ಇಗರ್ಜಿಯ ಒಳಗೆ ನೇರವಾಗಿ ತಂದಿಡುವುದಿಲ್ಲ. ಸಮೀಪದ ಶಿಲುಬೆಯ ಕಟ್ಟೆಯ ಬಳಿಯಲ್ಲೋ ಮಾತೆಯ ಗ್ರೊಟ್ಟೊದ ಎದುರಿನಲ್ಲೋ ಅದನ್ನು ರಾಶಿಹಾಕಿ, ಗುರುಗಳು ಪ್ರಾರ್ಥನೆ ಹೇಳಿ ತೀರ್ಥವನ್ನು ಪ್ರೋಕ್ಷಿಸಿದ ಮೇಲೆ, ಬಾಲಮರಿಯಳ ಪ್ರತಿಮೆಯೊಡನೆ ಮೆರವಣಿಗೆಯಲ್ಲಿ ಕೊಂಡೊಯ್ಯುತ್ತಾರೆ. ಪೂಜೆ ಮುಗಿದೊಡನೆ ಪ್ರತಿ ಕುಟುಂಬಕ್ಕೂ ಕೆಲವು ತೆನೆಗಳೂ, ಒಂಬತ್ತು ದಿನ ಹೂ ಹೊತ್ತ ಮಕ್ಕಳಿಗೆ ಕಬ್ಬಿನ ಜಲ್ಲೆಗಳೂ ದೊರೆಯುತ್ತವೆ. ಮನೆಗೆ ಬಂದ ತೆನೆಯಲ್ಲಿ ಒಂದಿಷ್ಟು ದೇವರ ಪಟದ ಬಳಿ ಉಳಿದು, ಮಿಕ್ಕ ಕಾಳುಗಳನ್ನು ಉಗುರಿನಿಂದ ಒಂದೊಂದಾಗಿ ಸುಲಿಯುವ ಕೆಲಸ ಅಜ್ಜಿಯಂದಿರದು. ಎಳೆಯ ಹಸುರು ಇನ್ನೂ ಆರದ ಆ ಅಕ್ಕಿಯನ್ನು ಅರೆದು, ತೆಂಗಿನ ಹಾಲಿಗೋ ಪಾಯಸಕ್ಕೋ ಬೆರಸುತ್ತಾರೆ, ಅದೇ ‘ನೊವೆಂ’. ಮನೆಯವರೆಲ್ಲರೂ ಕೂಡಿ ಪ್ರಾರ್ಥಿಸಿ, ಹಿರಿಯರು ಚಮಚೆಯಲ್ಲಿ ಕೊಟ್ಟ ನೊವೆಂ ಅನ್ನು ಸೇವಿಸಿದ ಅನಂತರವೇ ಬಾಳೆಲೆಯ ಊಟ. ಮೀನಿಲ್ಲದೆ ತುತ್ತಿಳಿಯದ ಕರಾವಳಿಯ ಕ್ರೈಸ್ತರ ಮನೆಯಲ್ಲಿ ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ! ಬೆಂಡೆ, ಅಲಸಂದೆ, ಹೀರೆ, ಹಾಗಲ, ಅಂಬಟೆ, ಕೆಸುವಿನ ಮತ್ತು ಹರಿವೆಯ ದಂಟು, ಇವುಗಳಿಂದ ಐದೋ ಏಳೋ ಒಂಬತ್ತೋ, ಅಂತೂ ಬೆಸ ಸಂಖ್ಯೆಯ ಪದಾರ್ಥಗಳಾಗಬೇಕು. ಕೊನೆಯಲ್ಲಿ ಬೇಳೆ, ಬೆಲ್ಲ, ತೆಂಗಿನ ಹಾಲುಗಳ ‘ವೊರ್ನ್’ ಎಂಬ ಪಾಯಸ. ಹಿತ್ತಿಲಿನಲ್ಲಿ ಮಳೆಗಾಲವಿಡೀ ಬೆಳೆದದ್ದೆಲ್ಲವೂ ಒಮ್ಮೆಗೇ ಎಲೆಯ ಮೇಲೆ ಬಂದು ಕುಳಿತುಕೊಳ್ಳುವ ಈ ಊಟವನ್ನು ಋತುವಿನ ಜಮಾಖರ್ಚು ಎಂದರೂ ಸಲ್ಲುತ್ತದೆ.

ಈ ಹಬ್ಬದ ಇತಿಹಾಸ ಸುಖದ್ದಾಗಿಯೇ ಇರಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಸಹಸ್ರಾರು ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು, ಇಗರ್ಜಿಗಳು ನೆಲಸಮವಾದವು, 1799ರ ತರುವಾಯವೇ ಬದುಕುಳಿದವರು ಮರಳಿದ್ದು. ಆ ವಿನಾಶದಲ್ಲಿಯೂ ಫರಂಗಿಪೇಟೆಯ ಗುಡ್ಡದ ಇಗರ್ಜಿ ಉಳಿದುಕೊಂಡುದಕ್ಕೆ ಮಿರಾಂದ ಪಾದ್ರಿಗಳಲ್ಲಿ ಹೈದರಾಲಿಗಿದ್ದ ಸ್ನೇಹವೂ, ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿ ಉಳಿದುದಕ್ಕೆ ಜೈನರಾದ ಚೌಟ ಅರಸರ ಮಧ್ಯಸ್ಥಿಕೆಯೂ ಕಾರಣವೆಂಬ ಪ್ರತೀತಿಯಿದೆ. ಈ ನಂಬಿಕೆಯನ್ನು ಅಲ್ಲಿಯ ಜನ ಎರಡು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿರುವರೆಂಬುದೇ ನೆರೆಹೊರೆಯ ಕುರಿತಾದ ಅವರ ಭಾವಕ್ಕೆ ಸಾಕ್ಷಿ.

ಈಚೆಗೆ ಜಗತ್ತಿನ ಕ್ರೈಸ್ತ ಸಭೆಗಳೆಲ್ಲ ಸೃಷ್ಟಿಯ ಪಾಲನೆಯ ಕುರಿತು ಗಂಭೀರವಾಗಿ ಚಿಂತಿಸತೊಡಗಿವೆ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು 1989ರಲ್ಲಿ ಘೋಷಿಸಿದವರು ಆರ್ಥೊಡಾಕ್ಸ್ ಸಭೆಯ ಕಾನ್‌ಸ್ಟಾಂಟಿನೋಪಲ್ ಪೀಠದ ಕುಲಪತಿಗಳಾದ ಒಂದನೆಯ ದಿಮಿತ್ರಿಯೋಸರು. 2015ರಲ್ಲಿ ಪೋಪ್ ಫ್ರಾನ್ಸಿಸರು ‘ಲೌದಾತೊ ಸೀ’ ಎಂಬ ವಿಶ್ವಪತ್ರವನ್ನು ಹೊರಡಿಸಿ, ಅದೇ ವರ್ಷ ಆ ದಿನವನ್ನು ಕೆಥೊಲಿಕರಿಗೂ ವಿಧಿಸಿದರು. ಅಲ್ಲಿಂದ ಅಸಿಸಿಯ ಫ್ರಾನ್ಸಿಸನ ಹಬ್ಬವಾದ ಅಕ್ಟೋಬರ್ 4ರವರೆಗಿನ ಅವಧಿ ಈಗ ‘ಸೃಷ್ಟಿಯ ಋತು’ವೆಂದು ಕರೆಯಲ್ಪಡುತ್ತದೆ, ವಿಶ್ವಪತ್ರದ ಹೆಸರು ಕೂಡ ಸೂರ್ಯಚಂದ್ರರನ್ನೂ ನೀರು ಬೆಂಕಿಗಳನ್ನೂ ಒಡಹುಟ್ಟಿದವರೆಂದು ಕೊಂಡಾಡಿದ ಆ ಸಂತನ ಗೀತೆಯಿಂದಲೇ ಬಂದದ್ದು. ಅದೇ ಸಂತನ ಮಠದ ಗುಡ್ಡದಲ್ಲಿ, ಅದೇ ಋತುವಿನ ನಡುವಿನಲ್ಲಿಯೇ ಬೀಳುವ ಹಬ್ಬವೊಂದು ಇನ್ನೂರೈವತ್ತು ವರ್ಷಗಳಿಗೆ ಮೊದಲೇ ಹುಟ್ಟಿದ್ದು ಕಾಕತಾಳೀಯವಿರಬಹುದು. ಆದರೆ ಸುತ್ತೋಲೆ, ವಿಚಾರಗೋಷ್ಠಿ, ಸಸಿ ನೆಡುವ ಛಾಯಾಚಿತ್ರಗಳಿಗಿಂತ ಈ ತೆನೆಯ ಹಬ್ಬದಲ್ಲಿ ಆ ಬೋಧೆಯ ತಿರುಳು ಹೆಚ್ಚು ಗಟ್ಟಿಯಾಗಿದೆಯೆಂದು ನನಗೆ ತೋರುತ್ತದೆ. ಹೊಸ ಬೆಳೆಯ ಮೊದಲ ಕಾಳನ್ನು ದೇವರಿಗೂ ಮನೆಮಂದಿಗೂ ಹಂಚಿದ ಮೇಲಲ್ಲದೆ ಉಣ್ಣಬಾರದೆಂಬ ನಿಯಮವು ಮನುಷ್ಯನ ಕೈಯನ್ನು ವರ್ಷಕ್ಕೊಮ್ಮೆಯಾದರೂ ತಡೆದು ನಿಲ್ಲಿಸುತ್ತದೆ.

ಹಂಚಿಕೆ ಮನೆಯ ಹೊಸ್ತಿಲಿಗೆ ನಿಲ್ಲುವುದೂ ಇಲ್ಲ. ತುಳುನಾಡಿನ ಹಿಂದೂ ಮನೆಗಳಲ್ಲಿ ‘ಕುರಲ್ ಪರ್ಬ’ವೆಂಬ ಹೆಸರಿನಲ್ಲಿ ತೆನೆಯನ್ನು ಮಾವು, ಹಲಸು, ಬಿದಿರುಗಳ ಎಲೆಯೊಡನೆ ಕಟ್ಟಿ ಮನೆ ತುಂಬಿಸಿಕೊಳ್ಳುವ ಆಚರಣೆಯಿದೆ, ಹೊಸ ಅಕ್ಕಿಯ ಊಟವೂ ಇದೆ. ಆದುದರಿಂದ ಪಕ್ಕದ ಮನೆಯ ಶೆಟ್ಟರಿಗೋ ಪೂಜಾರಿಯವರಿಗೋ ಮೊಂತಿ ಹಬ್ಬದ ಅರ್ಥವನ್ನು ವಿವರಿಸುವ ಶ್ರಮವೇ ಬೀಳುವುದಿಲ್ಲ. ಕಬ್ಬೂ ಪಾಯಸವೂ ಬೇಲಿ ದಾಟಿ ಹೋಗುತ್ತವೆ. ಆಸುಪಾಸಿನಲ್ಲಿಯೇ ಬರುವ ಚೌತಿಯ ಕಡುಬು ಇತ್ತ ಬರುತ್ತದೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ಇಗರ್ಜಿಯಿಂದ ಹೊರೆಕಾಣಿಕೆ ಹೊರಡುವುದೂ ಉಂಟು. ಇಷ್ಟನ್ನೇ ಹೇಳಿ ಸುಮ್ಮನಾದರೆ ಚಿತ್ರ ಅಪೂರ್ಣವಾದೀತು: 2008ರಲ್ಲಿ, ಹಬ್ಬ ಕಳೆದು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 14ರಂದು ಮಂಗಳೂರು ಹಾಗೂ ಸುತ್ತಲಿನ ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದವು. ಮರುವರ್ಷವೂ ಮಕ್ಕಳು ಹೂವಿಗಾಗಿ ನೆರೆಯವರ ಬೇಲಿಯ ಕಡೆಗೇ ನಡೆದರೆಂಬುದನ್ನೂ ಅದರ ಜೊತೆಯಲ್ಲಿಯೇ ಹೇಳಬೇಕು.

ಹಬ್ಬಕ್ಕೆ ಇಂದು ಒದಗಿರುವ ನಿಜವಾದ ಸಂಕಟ ಬೇರೆಯದು. ಅದು ಗದ್ದೆಯ ಸಂಕಟ. ಆಳುಗಳ ಅಭಾವ, ಅಡಿಕೆ ತೋಟದ ಆಕರ್ಷಣೆ, ನಿವೇಶನದ ಬೆಲೆ, ಕೊಲ್ಲಿ ದೇಶಗಳ ಉದ್ಯೋಗ, ಇವೆಲ್ಲವೂ ಸೇರಿ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ, ಇಲ್ಲವೆ ಮಣ್ಣು ತುಂಬಿಸಿಕೊಂಡು ಕಟ್ಟಡಗಳಾಗಿವೆ. 2021ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು ಭೂಮಿಯನ್ನು ಮತ್ತೆ ಬೇಸಾಯಕ್ಕೆ ತರುವ ಆಂದೋಲನವೊಂದು ನಡೆಯಿತು. ಇಗರ್ಜಿಯ ಯುವಕರು ಗದ್ದೆಗಿಳಿದು ನಾಟಿ ಮಾಡುವ ದೃಶ್ಯವೂ ಈಗ ಅಲ್ಲಲ್ಲಿ ಕಾಣಸಿಗುತ್ತದೆ. ಮುಂಬಯಿ, ಬೆಂಗಳೂರು, ದುಬೈಗಳಲ್ಲಿ ನೆಲೆಸಿದ ಮಕ್ಕಳಿಗೆ ತಾಯಂದಿರು ಆಶೀರ್ವದಿಸಿದ ಕಾಳುಗಳನ್ನು ಕಾಗದದಲ್ಲಿ ಮಡಿಸಿ ಲಕೋಟೆಯಲ್ಲಿ ಕಳುಹಿಸುತ್ತಾರೆ. ಹತ್ತಾರು ಕಾಳುಗಳಿಗೆ ಅಂಚೆಯ ವೆಚ್ಚವೇ ಅಧಿಕವಾದರೂ ಪಾಲು ತಪ್ಪಬಾರದಷ್ಟೆ. ಇನ್ನು ಪೇಟೆಯ ಇಗರ್ಜಿಗಳಲ್ಲಿ, ಭಕ್ತಾದಿಗಳೊಳಗೆ ಗದ್ದೆಯುಳ್ಳವರು ಯಾರೂ ಉಳಿಯದಿದ್ದಾಗ, ಗುರಿಕಾರರು ಆಗಸ್ಟ್ ತಿಂಗಳಿನಲ್ಲಿಯೇ ಹೊರಟು, ಹಳ್ಳಿಯ ಕಡೆ ಇನ್ನೂ ಬೇಸಾಯ ಬಿಡದ ಯಾವನೋ ರೈತನನ್ನು, ಆತ ಬಂಟನಿರಲಿ, ಬಿಲ್ಲವನಿರಲಿ, ಬ್ಯಾರಿಯಿರಲಿ, ಕಂಡು, ಒಂದು ಮೂಲೆಯ ತೆನೆಯನ್ನು ಹಬ್ಬಕ್ಕಾಗಿ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತಾರೆ. ಹಿಂದೆ ನೆರೆಯವನಿಗೆ ಹಬ್ಬದ ಪಾಲು ಕೊಡುತ್ತಿದ್ದವರು ಈಗ ಹಬ್ಬವನ್ನೇ ಅವನ ಗದ್ದೆಯಿಂದ ಬೇಡಿ ತರಬೇಕಾಗಿದೆ. ಇಂಥ ರೈತರಲ್ಲಿ ಕೆಲವರು ಈ ಕೋರಿಕೆಯನ್ನು ಮುಂಚಿತವಾಗಿಯೇ ಎಣಿಸಿ, 8ನೆಯ ತಾರೀಖಿನೊಳಗೆ ಕಾಳು ಬಲಿಯಲೆಂದು ಆ ಮೂಲೆಗೆ ಬೇಗ ಬರುವ ತಳಿಯನ್ನೇ ನಾಟಿ ಮಾಡಿಸುವುದುಂಟು.