ಕಲಿಯುವ ಹಕ್ಕಿಗೆ ಕಾವಲು ಯಾರು?

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಏನೆಲ್ಲ ಮಾತು ನಡೆಯುತ್ತದೆ ಎಂದು ಗೊತ್ತೇ ಉಂಟಲ್ಲ. ಯಾವ ಕಾಲೇಜು, ಫೀಸು ಎಷ್ಟು, ಬಸ್ ಉಂಟೋ ಇಲ್ಲವೋ, ಹಾಸ್ಟೆಲ್ ಹೇಗೆ. ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ಅಲ್ಲಿ ಮಗುವಿಗೆ ಪ್ರಶ್ನೆ ಕೇಳುವ ಧೈರ್ಯ ಸಿಗುತ್ತದೋ, ಅನ್ಯಾಯವಾದರೆ ಯಾರಲ್ಲಿ ಹೇಳಬೇಕು ಎಂದು ಕೇಳುವವರು ನಮ್ಮಲ್ಲಿ ಕಡಿಮೆ.

2022ರ ದಿನಗಳನ್ನು ಕಂಡ ನಾವು ಈ ಪ್ರಶ್ನೆಯನ್ನು ಮರೆಯುವ ಹಾಗಿಲ್ಲ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರು ವಿದ್ಯಾರ್ಥಿನಿಯರು ತರಗತಿಯ ಹೊರಗೆ ನಿಂತದ್ದು 2021ರ ಡಿಸೆಂಬರ್ ಕೊನೆಗೆ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರಕಾರಿ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಇಬ್ಭಾಗವಾಯಿತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಆದೇಶವನ್ನೇ ರದ್ದು ಮಾಡಿದರು. ಹೆಣ್ಣುಮಗುವಿನ ಓದು ಅವರಿಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು.

ಇದನ್ನು ಕರಾವಳಿಯ ಸಂಗತಿ ಎಂದು ತಿಳಿದವರುಂಟು. ಅದು ತಪ್ಪು. ಆ ಆದೇಶ ಇಡೀ ರಾಜ್ಯಕ್ಕೆ. ಕಲಬುರಗಿ ಜಿಲ್ಲೆಯ ರಾವೂರಿನಲ್ಲಿ, ವಾಡಿಯಲ್ಲಿ, ಚಿತ್ತಾಪುರದಲ್ಲಿ, ಸೇಡಂನಲ್ಲಿ ಓದುವ ಹುಡುಗಿಗೂ ಅದು ಅನ್ವಯವಾಗಿತ್ತು. ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳ ಆ ಸೀಮೆಯಲ್ಲಿ ಕೂಲಿಯ ಹಣ ಉಳಿಸಿ ಮಗಳನ್ನು ಕಾಲೇಜಿಗೆ ಕಳಿಸುವ ತಾಯಿಗೂ, ಇಲ್ಲಿ ಬೀಡಿ ಕಟ್ಟಿ ಕಳಿಸಿದ ನಮ್ಮ ಉಮ್ಮಂದಿರಿಗೂ ವ್ಯತ್ಯಾಸ ಏನುಂಟು? ಅಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ಇಲ್ಲಿ ಮಂಗಳೂರು ವಿಶ್ವವಿದ್ಯಾಲಯ. ಎರಡೂ ಹುಟ್ಟಿದ್ದು 1980ರಲ್ಲೇ.

ಆಗ ನಾವು ಕಲಿತ ಒಂದು ಪಾಠ: ಆದೇಶವನ್ನು ಪೂರ್ತಿ ಓದಬೇಕು. ಫೆಬ್ರವರಿ 10ರ ಮಧ್ಯಂತರ ಆದೇಶವನ್ನು ಹೈಕೋರ್ಟ್ ಸಮವಸ್ತ್ರ ನಿಗದಿಯಾಗಿದ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ ಸೀಮಿತಗೊಳಿಸಿತ್ತು. ಅದರಲ್ಲಿ ಹಿಜಾಬ್ ಮಾತ್ರವಲ್ಲ, ಕೇಸರಿ ಶಾಲಿನ ಹೆಸರೂ ಇತ್ತು. ಗೇಟಿನಲ್ಲಿ ನಿಂತು ಇಷ್ಟು ಹೇಳಬಲ್ಲ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ ಇದ್ದರು? 1995ರ ರಾಜ್ಯ ನಿಯಮಗಳ ಪ್ರಕಾರ ಸಮವಸ್ತ್ರ ಬದಲಿಸುವ ಸಂಸ್ಥೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ಇದೂ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾದದ್ದು ಮಾತು ಕೋರ್ಟಿಗೆ ಹೋದ ಮೇಲೆಯೇ.

ಕಾನೂನಿನಲ್ಲಿ ವಿದ್ಯಾರ್ಥಿಗೆ ಏನೂ ಇಲ್ಲ ಅಂತಲ್ಲ. ಕೇರಳದಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ನಂಬಿಕೆಯ ಕಾರಣಕ್ಕೆ ಹಾಡದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು. ಅವರಿಗೆ ಸಿಕ್ಕ ನ್ಯಾಯ ನಮ್ಮ ಮಕ್ಕಳಿಗೂ ಆಸರೆ. ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಎಂದು ಅದೇ ಕೋರ್ಟ್ 2011ರಲ್ಲಿ ಹೇಳಿದೆ.

ಪದವಿ ಕಾಲೇಜುಗಳಿಗೆ ಯುಜಿಸಿಯ 2023ರ ಕುಂದುಕೊರತೆ ನಿಯಮಗಳಿವೆ. ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಅಂಕಪಟ್ಟಿ, ಸರ್ಟಿಫಿಕೇಟ್ ತಡೆಹಿಡಿಯುವುದು, ತಾರತಮ್ಯ, ಪರೀಕ್ಷೆಯಲ್ಲಿ ಅನ್ಯಾಯ, ಇವೆಲ್ಲಕ್ಕೂ ದೂರು ಕೊಡಬಹುದು. ಪಿಯು ಕಾಲೇಜಿಗೆ ಈ ನಿಯಮ ಇಲ್ಲ. ಅಲ್ಲಿಯ ದೂರು ಪ್ರಾಂಶುಪಾಲರಿಗೆ, ಬಳಿಕ ಇಲಾಖೆಯ ಉಪನಿರ್ದೇಶಕರಿಗೆ.

ಇನ್ನೊಂದು ಮಾತು. ಹೇಳಲು ಸ್ವಲ್ಪ ಕಷ್ಟ, ಆದರೂ ಹೇಳಬೇಕು. ಸಮುದಾಯದವರೇ ಕಟ್ಟಿದ ಕಾಲೇಜುಗಳ ಮೇಲೆ ನಮಗೆ ಅಭಿಮಾನ ಉಂಟು. ಆದರೆ ಆಡಳಿತ ನಮ್ಮದು ಎಂದ ಮಾತ್ರಕ್ಕೆ ವಿದ್ಯಾರ್ಥಿಯ ಹಕ್ಕು ಕಡಿಮೆಯಾಗುವುದಿಲ್ಲ. "ನಮ್ಮವರ ಸಂಸ್ಥೆ, ಹೆಸರು ಕೆಡಿಸಬೇಡ" ಎಂದು ಮಗುವಿನ ಬಾಯಿ ಮುಚ್ಚಿಸಿದರೆ, ಗೇಟಿನಲ್ಲಿ ತಡೆದವರಿಗೂ ನಮಗೂ ಏನು ವ್ಯತ್ಯಾಸ? ನಮ್ಮ ಕುಟುಂಬದ ಹುಡುಗಿಯೊಬ್ಬಳು ಇಂಟರ್ನಲ್ ಅಂಕ ಕಡಿಮೆ ಬಂದದ್ದನ್ನು ಕೇಳಲು ಹೊರಟಾಗ ಮನೆಯ ಹಿರಿಯರೇ ತಡೆದರು. "ಮೇಷ್ಟ್ರು ಬೇಜಾರು ಮಾಡಿಕೊಂಡರೆ ನಿನಗೇ ಕಷ್ಟ" ಎಂದರು. ಆ ಹಿರಿಯರಲ್ಲಿ ನಾವೂ ಇದ್ದೆವು. ಅವಳು ಮತ್ತೆ ಏನೂ ಕೇಳಲಿಲ್ಲ. ಆ ಮೌನ ಈಗಲೂ ನಮ್ಮನ್ನು ಕಾಡುತ್ತದೆ.

ಹಾಗಾಗಿ ಈ ವರ್ಷ ಅರ್ಜಿ ತುಂಬುವ ಮೊದಲು ನಾಲ್ಕು ಕೆಲಸ ಮಾಡುವ. ಪ್ರಾಸ್ಪೆಕ್ಟಸ್ ಓದುವ, ಸಮವಸ್ತ್ರದ ನಿಯಮ ಅದರಲ್ಲಿ ಏನುಂಟು ನೋಡುವ. ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳುವ. ದೂರನ್ನು ಬಾಯಲ್ಲಿ ಹೇಳಿ ಬಿಡದೆ ಬರೆದು ಕೊಟ್ಟು ಸ್ವೀಕೃತಿ ಪಡೆಯುವ. ಕೊನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ: ಮಗಳು ಸಂಜೆ ಮನೆಗೆ ಬಂದು "ಇವತ್ತು ಹೀಗಾಯಿತು" ಅಂದಾಗ, ಬುದ್ಧಿ ಹೇಳುವ ಮೊದಲು ಪೂರ್ತಿ ಕೇಳಿಸಿಕೊಳ್ಳುವ.